ಅಜ್ಜಿಯ ಬೆಳ್ಳಿ ರೂಪಾಯಿಯನ್ನು ದಯವಿಟ್ಟು ಉಜ್ಜಬೇಡಿ

‘ಹಳೆ ನಾಣ್ಯ ಇದೆ, ಎಷ್ಟು ಲಕ್ಷ ಬರುತ್ತೆ?’ ಈ ಸಲವೂ ಬಹುಪಾಲು ಪತ್ರಗಳ ಸಾರ ಇಷ್ಟೇ. ಅವೆಲ್ಲ ಕೆಳಗೆ ಒಂದೊಂದು ಸಾಲಿನಲ್ಲಿ ಮುಗಿಯುತ್ತವೆ. ಕೇಳಬೇಕಾದ್ದನ್ನೇ ಕೇಳಿದ ಒಬ್ಬರಿಗೆ ಮಾತ್ರ ಜಾಸ್ತಿ ಜಾಗ.

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ 1918ರ ಐದನೇ ಜಾರ್ಜ್ ಬೆಳ್ಳಿ ರೂಪಾಯಿ ಸಿಕ್ಕಿತು. ಅಂಚಿನಲ್ಲಿ ನೀಲಿ, ಆಮೇಲೆ ನೇರಳೆ, ಒಳಗೆ ಕಂದು. ‘ಕಿಂಗ್ ಎಂಪರರ್’ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ಯಾರಾದರೂ ಬಣ್ಣ ಹಾಕಿದ್ದಾರಾ? ಟಂಕಸಾಲೆಯ ತಪ್ಪಾ? ತೊಳೆಯಲಾ?

ಉತ್ತರ: ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಉಜ್ಜಿದರೆ ಮೈಮೇಲೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಅವನ್ನು ಯಾವ ತಜ್ಞನೂ ತೆಗೆಯಲಾರ. ಹಬ್ಬ ಬಂತೆಂದರೆ ಪೂಜೆಯ ನಾಣ್ಯಗಳನ್ನು ಫಳಫಳ ಮಾಡಿ ಇಡುವ ಮನೆಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಬಣ್ಣದ ವಿಷಯಕ್ಕೆ ಬರೋಣ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಾಗಿ ತೆಳುವಾದ ಪದರ ಕಟ್ಟುತ್ತದೆ. ಹಳೆ ಕಾಗದ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಪಕ್ಕದಲ್ಲಿದ್ದರೆ ಇನ್ನೂ ಬೇಗ. ಮಳೆನೀರಿನ ಮೇಲೆ ಪೆಟ್ರೋಲ್ ಬಿದ್ದಾಗ ಬಣ್ಣ ಕಾಣುತ್ತದಲ್ವಾ, ಇದೂ ಹಾಗೇ. ಪದರ ದಪ್ಪವಾದಂತೆ ಮೊದಲು ಹೊಂಬಣ್ಣ, ಆಮೇಲೆ ಕಂದುಗೆಂಪು, ನೇರಳೆ, ನೀಲಿ. ತುಂಬಾ ದಪ್ಪವಾದರೆ ಕಪ್ಪು. ನಿಮ್ಮ ನಾಣ್ಯಕ್ಕೆ ಅಂಚಿನಿಂದ ಪದರ ಹತ್ತಿದೆ. ಅದಕ್ಕೇ ಅಂಚಿನಲ್ಲಿ ನೀಲಿ, ಒಳಗೆ ಕಂದು. ಕ್ರಮ ಸರಿಯಾಗಿದೆ. ಒಂದು ಬಣ್ಣ ಇನ್ನೊಂದರೊಳಗೆ ಕರಗಿದಂತೆ ಇದ್ದರೆ ಇದು ಕಾಲ ಕೊಟ್ಟ ಬಣ್ಣವೇ ಇರಬೇಕು. ಬಿಸಿ ಮಾಡಿ, ರಾಸಾಯನಿಕ ಹಚ್ಚಿ ಬಣ್ಣ ಬರಿಸುವವರ ಕೈಚಳಕ ಬೇರೆ. ಅಲ್ಲಿ ಕ್ರಮ ತಪ್ಪಿರುತ್ತದೆ, ಬಣ್ಣ ಗೆರೆ ಎಳೆದಂತೆ ನಿಂತುಬಿಡುತ್ತದೆ. ರಾಜನ ಕೆನ್ನೆ ಸವೆದು ನುಣ್ಣಗಾಗಿದ್ದರೂ ಅದರ ಮೇಲೆ ಗುಲಾಬಿ, ನೀಲಿ ಥಳಥಳ ಅಂದರೆ ನಾನಂತೂ ಮುಟ್ಟುವುದಿಲ್ಲ.

ಇನ್ನು ಎರಡೆರಡು ಅಕ್ಷರ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಒಂದೇ ಒಂದು ಅಕ್ಷರ ನೋಡಿ. ಎರಡನೇ ಗೆರೆ ಚಪ್ಪಟೆಯಾಗಿ, ಮೆಟ್ಟಿಲಿನಂತೆ ತಗ್ಗಿನಲ್ಲಿದ್ದು, ಮೂಲ ಅಕ್ಷರವನ್ನೇ ಕೊರೆದು ಸಣ್ಣ ಮಾಡಿದಂತಿದ್ದರೆ ಅದು ಹೊಡೆಯುವಾಗ ಅಚ್ಚು ಅಲುಗಾಡಿದ ಗುರುತು. ಅದಕ್ಕೆ ಹೆಚ್ಚಿನ ಬೆಲೆ ಇಲ್ಲ. ಎರಡೂ ಗೆರೆ ಉಬ್ಬಾಗಿ, ದುಂಡಗಿದ್ದು, ಅಕ್ಷರದ ತುದಿ ಸೀಳಿದಂತೆ ಕಂಡರೆ ಅಚ್ಚಿನಲ್ಲೇ ದೋಷ. ಅದು ಅಪರೂಪ. 1918ರಲ್ಲಿ ಮುಂಬೈ, ಕಲ್ಕತ್ತಾ ಟಂಕಸಾಲೆಗಳು ಕೋಟಿಗಟ್ಟಲೆ ರೂಪಾಯಿ ಹೊಡೆದವು. ಯುದ್ಧಕಾಲದಲ್ಲಿ ಬೆಳ್ಳಿ ಸಾಲದೆ ಅಮೆರಿಕ ತನ್ನ ಡಾಲರ್ ನಾಣ್ಯಗಳನ್ನು ಕರಗಿಸಿ ಇಂಡಿಯಾಕ್ಕೆ ಕೊಟ್ಟ ವರ್ಷ ಅದು. ಅಂಥ ಅವಸರದಲ್ಲಿ ಅಚ್ಚು ಅಲುಗಿದ್ದರೆ ಆಶ್ಚರ್ಯವಿಲ್ಲ. ನಿಮ್ಮದೂ ಅದೇ ಇರಬೇಕು ಅಂತ ನನ್ನ ಊಹೆ.

ಭೂತಗನ್ನಡಿ ಕೈಯಲ್ಲಿರುವಾಗಲೇ ಅಂಚಿನ ಹಲ್ಲುಗಳನ್ನೂ ಸುತ್ತ ನೋಡಿಬಿಡಿ. ರಾಜನ ತಲೆಯ ನೇರಕ್ಕೆ ಒಂದಷ್ಟು ಹಲ್ಲು ಮುಚ್ಚಿ ಗಂಟು ಕಟ್ಟಿದಂತಿದ್ದರೆ, ಯಾರೋ ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ಆಮೇಲೆ ಕಿತ್ತಿದ್ದಾರೆ. ಜನ ಇದನ್ನೂ ‘ಟಂಕಸಾಲೆ ತಪ್ಪು’ ಅಂತ ಮಾರುತ್ತಾರೆ. ತೂಕ 11.66 ಗ್ರಾಂ ಆಸುಪಾಸು ಇರಬೇಕು. ಸವೆತಕ್ಕೆ ಸ್ವಲ್ಪ ಕಡಿಮೆಯಾದರೆ ಪರವಾಗಿಲ್ಲ.

ಗ್ರೇಡಿಂಗ್‌ಗೆ (ನಾಣ್ಯದ ಸ್ಥಿತಿ ನೋಡಿ ದರ್ಜೆ ಕೊಡುವುದಕ್ಕೆ) ಅಂತ ವಿದೇಶದಲ್ಲಿರುವ ಮಗನಿಗೆ ಕಳಿಸಬಹುದಾ?
ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.

ರಾಮ, ಸೀತೆ ಇರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ?
ಕಂಪನಿ ಅಂಥದ್ದನ್ನು ಹೊಡೆಸಲೇ ಇಲ್ಲ. ದೇವರ ಮನೆಯಲ್ಲಿಡಿ.

1947ರ ರೂಪಾಯಿ ಅಯಸ್ಕಾಂತಕ್ಕೆ ಅಂಟುತ್ತದೆ, ಶಕ್ತಿ ಇದೆಯಂತೆ?
ಅದು ನಿಕಲ್. ನಿಕಲ್ ಅಂಟುತ್ತದೆ. ಅಕ್ಕಿಕಾಳನ್ನು ತನ್ನತ್ತ ಎಳೆಯುವ ಪವಾಡದ ನಾಣ್ಯ ಅಂತ ಯಾರಾದರೂ ಮಾರಲು ಬಂದರೆ ಪೊಲೀಸರಿಗೆ ಫೋನ್ ಮಾಡಿ.

ರಿಸರ್ವ್ ಬ್ಯಾಂಕ್ ಪರವಾಗಿ ನಿಮ್ಮ ಹಳೆ ನಾಣ್ಯ ಕೊಳ್ಳುತ್ತೇವೆ, ಮೊದಲು ತೆರಿಗೆ ಕಟ್ಟಿ ಅಂತಿದ್ದಾರೆ.
ಮೋಸ. ನಮಗೂ ಇದಕ್ಕೂ ಸಂಬಂಧವಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿದೆ. ಒಂದು ಪೈಸೆಯನ್ನೂ ಕಳಿಸಬೇಡಿ.