45 ದಿನದ ನಾಯಿಮರಿಗೆ ಯಾವ ಯಾವ ಲಸಿಕೆ, ಎಷ್ಟು ಸಲ ಹಾಕಿಸಬೇಕು?

ಮನೆಗೆ 45 ದಿನದ ಮರಿ ಬಂದಿದೆ, ಮಾರಿದವರು ಎರಡು ಸೂಜಿ ಸಾಕು ಅಂತಾರೆ, ಡಾಕ್ಟರ್ ಉದ್ದದ ಪಟ್ಟಿ ಬರೆದುಕೊಟ್ಟಿದ್ದಾರೆ, ಯಾರನ್ನು ನಂಬೋದು ಅಂತ ಚಿತ್ರದುರ್ಗದಿಂದ ಕೇಳಿದ್ದೀರಿ. ಡಾಕ್ಟರನ್ನೇ ನಂಬಿ. ನಾನು ವೈದ್ಯನಲ್ಲ, ದಾವಣಗೆರೆಯಲ್ಲಿ ಹದಿನೈದು ವರ್ಷದಿಂದ ನಾಯಿ ಸಾಕುತ್ತಿದ್ದೇನೆ. ಎರಡು ಸೂಜಿ ಸಾಕು ಅನ್ನೋ ಮಾತು ನಂಬಿ ಒಂದು ಮರಿ ಕಳೆದುಕೊಂಡಿದ್ದೇನೆ.

ಅವಳ ಹೆಸರು ಬೆಳ್ಳಿ. 6ನೇ ವಾರಕ್ಕೆ ಒಂದು, 9ನೇ ವಾರಕ್ಕೆ ಒಂದು ಸೂಜಿ ಆಗಿತ್ತು. ಇನ್ನು ಒಂದು ವರ್ಷ ಚಿಂತೆ ಇಲ್ಲ ಅಂದಿದ್ದರು. ನಾನು ಖುಷಿಯಾಗಿ ದಿನಾ ಬೀದಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೂರು ತಿಂಗಳು ತುಂಬಿದ ವಾರ ಒಂದು ಬೆಳಗ್ಗೆ ನೋಡಿದರೆ, ನೀರಿನ ಬಟ್ಟಲ ಮೇಲೆ ತಲೆ ಬಗ್ಗಿಸಿ ಸುಮ್ನೆ ನಿಂತಿದ್ದಾಳೆ. ಬಾಯಾರಿದೆ, ಆದರೆ ಕುಡಿಯಲು ಆಗುತ್ತಿಲ್ಲ. ಸಂಜೆಗೆ ವಾಂತಿ, ರಾತ್ರಿಗೆ ರಕ್ತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯೋಕಾಗಲ್ಲ. ಪಾರ್ವೋ ಅಂದರು, ಕರುಳಿಗೆ ತಾಗುವ ವೈರಸ್ ರೋಗ. ಡ್ರಿಪ್ ಹಾಕಿದರು, ನಾಲ್ಕನೇ ದಿನ ಹೋದಳು.

ಎರಡು ಸೂಜಿ ಆಗಿದ್ದರೂ ಯಾಕೆ ಹೀಗಾಯ್ತು ಅಂತ ಆಗ ಕೇಳಿ ತಿಳಿದುಕೊಂಡೆ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಮರಿ ಹುಟ್ಟಿದ ದಿನ ಕುಡಿಯುವ ಗಿಣ್ಣು ಹಾಲಿನಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಇರುತ್ತದೆ. ಅದು ಕೆಲವು ವಾರ ಮರಿಯನ್ನು ಕಾಯುತ್ತದೆ. ಆದರೆ ಅದೇ ಶಕ್ತಿ ಲಸಿಕೆಯನ್ನೂ ಹೊರಗಿನದು ಅಂತ ತಿಳಿದು ಅಳಿಸಿಹಾಕುತ್ತದೆ. ಕೆಲವು ಮರಿಗಳಲ್ಲಿ ಇದು 8 ವಾರಕ್ಕೆ ಇಳಿಯುತ್ತದೆ, ಕೆಲವದರಲ್ಲಿ 12, ಇನ್ನು ಕೆಲವದರಲ್ಲಿ 16 ವಾರದ ಹತ್ತಿರ. ಒಂದೇ ತಾಯಿಯ ಮರಿಗಳಲ್ಲೂ ವ್ಯತ್ಯಾಸ ಇರುತ್ತದೆ. ನಿಮ್ಮ ಮರಿಯಲ್ಲಿ ಯಾವತ್ತು ಅಂತ ಹೊರಗಿನಿಂದ ಗೊತ್ತಾಗಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಮೊದಲನೆಯದು ಅರ್ಧ ಕೆಲಸ, ಎರಡನೆಯದು ಇನ್ನರ್ಧ ಅಂತಲ್ಲ. ಯಾವುದಾದರೂ ಒಂದು ಹಿಡಿದುಕೊಳ್ಳಲಿ ಅಂತ. ಹಾಗಾಗಿ ಎಷ್ಟು ಸೂಜಿ ಆಯ್ತು ಅಂತ ಎಣಿಸಬೇಡಿ, ಕೊನೆಯದು ಯಾವ ವಯಸ್ಸಿಗೆ ಆಯ್ತು ಅಂತ ನೋಡಿ. 16 ವಾರ ತುಂಬಿದ ಮೇಲೆ ಒಂದು ಆಗಲೇಬೇಕು. ಬೆಳ್ಳಿಗೆ 9ನೇ ವಾರದ ಮೇಲೆ ಒಂದೂ ಆಗಿರಲಿಲ್ಲ, ಅದರ ಮೇಲೆ ದಿನಾ ಬೀದಿಗೂ ಕರೆದೊಯ್ದೆ.

ನಿಮ್ಮ ಮರಿಗೆ ಲೆಕ್ಕ ಹಾಕಿದರೆ 7, 10, 13, 16 ವಾರ ತುಂಬಿದಾಗ. ಮೂರರಿಂದ ನಾಲ್ಕು ವಾರದ ಅಂತರ ಇದ್ದರೆ ಸರಿ. ಕೊನೆಯದು 15 ವಾರಕ್ಕೇ ಬೀಳುವ ಹಾಗಿದ್ದರೆ ಒಂದು ವಾರ ಮುಂದೆ ಹಾಕಲು ಡಾಕ್ಟರನ್ನು ಕೇಳಿ. ಈ ಸೂಜಿ ತಡೆಯುವ ರೋಗಗಳಲ್ಲಿ ಡಿಸ್ಟೆಂಪರ್ (ಉಸಿರಾಟ, ನರಗಳಿಗೆ ತಾಗುವ ವೈರಸ್ ರೋಗ), ಪಾರ್ವೋ, ಅಡಿನೋವೈರಸ್‌ನಿಂದ ಬರುವ ಯಕೃತ್ತಿನ (ಲಿವರ್) ರೋಗ, ಈ ಮೂರರ ಲಸಿಕೆ ಯಾವ ನಾಯಿಗೂ ಬಿಡುವಂತಿಲ್ಲ. ಬೀದಿಯಿಂದ ತಂದ ಮರಿಗೆ ರೋಗ ತಾಗಲ್ಲ, ಜಾತಿ ನಾಯಿಗೆ ಮಾತ್ರ ಬೇಕು ಅನ್ನೋದು ಸುಳ್ಳು. ಚಿಕ್ಕ ನಾಯಿಗೆ ಅರ್ಧ ಡೋಸ್ ಅನ್ನೋದೂ ತಪ್ಪು. ಪಗ್‌ಗೂ ಮುಧೋಳಕ್ಕೂ ಒಂದೇ ಅಳತೆ.

ಇಲಿ ಜ್ವರದ ಲಸಿಕೆ, ಅಂದರೆ ಲೆಪ್ಟೋ, ಸಾಮಾನ್ಯವಾಗಿ ಅದೇ ಸೂಜಿಯಲ್ಲಿ ಸೇರಿರುತ್ತದೆ. ನಮ್ಮ ಕಡೆ ಇದನ್ನು ಬಿಡಬೇಡಿ. ಮಂಡಕ್ಕಿ ಭಟ್ಟಿ, ಮೆಕ್ಕೆಜೋಳದ ಗೋದಾಮು, ಅಕ್ಕಿ ಗಿರಣಿ ಇರುವಲ್ಲಿ ಇಲಿ ಇದ್ದೇ ಇರುತ್ತದೆ, ಅದರ ಮೂತ್ರ ಬಿದ್ದ ನೀರಿನಿಂದ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಇದಕ್ಕೆ ಎರಡು ಡೋಸ್, ಆಮೇಲೆ ಪ್ರತಿ ವರ್ಷ. ನಾಯಿಗಳ ಕೊರೊನಾ (ಕೋವಿಡ್ ಅಲ್ಲ) ಲಸಿಕೆ ಬೇಕಿಲ್ಲ. ಕೆನ್ನೆಲ್ ಕೆಮ್ಮಿನದು (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ನಾಯಿಯನ್ನು ಹಾಸ್ಟೆಲ್‌ನಲ್ಲಿ ಬಿಡುವವರಿಗೆ, ಬೇರೆ ನಾಯಿಗಳ ಜೊತೆ ಹೆಚ್ಚು ಸೇರಿಸುವವರಿಗೆ.

ರೇಬೀಸ್ ವಿಷಯದಲ್ಲಿ ಚೌಕಾಸಿ ಬೇಡವೇ ಬೇಡ. 12 ವಾರ ತುಂಬಿದ ಮೇಲೆ ಮೊದಲನೆಯದು, ನಿಮಗೆ 13 ವಾರದ ಭೇಟಿಯಲ್ಲೇ ಆಗುತ್ತದೆ. ಬೀದಿ ನಾಯಿ ಜಾಸ್ತಿ ಇರುವ ಕಡೆ ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು ಹಾಕುತ್ತಾರೆ, ಹಾಕಿಸಿಕೊಳ್ಳಿ. ಒಂದು ವರ್ಷಕ್ಕೆ ಮತ್ತೆ, ಆಮೇಲೆ ಡಾಕ್ಟರ್ ಬರೆದುಕೊಟ್ಟ ಹಾಗೆ. ಸೆಪ್ಟೆಂಬರ್ 28 ರೇಬೀಸ್ ದಿನ, ಆ ಸಮಯದಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಉಚಿತವಾಗಿ ಹಾಕುತ್ತಾರೆ. ಆದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಇನ್ನೊಂದು ಮಾತು. ಲಸಿಕೆ ಆಗುವ ಮುಂಚೆ ಮರಿಯ ಹಲ್ಲು ತಾಗಿ ಗಾಯವಾದರೆ ಮರಿ ಅಲ್ವಾ ಅಂತ ಬಿಡಬೇಡಿ. ಸೋಪು ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಲಕ್ಷಣ ಶುರುವಾದ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಪ್ರತಿ ವರ್ಷ ಎಲ್ಲವೂ ಬೇಕಾ ಅಂತಲೂ ಕೇಳಿದ್ದೀರಿ. ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘದ 2024ರ ಮಾರ್ಗಸೂಚಿ ಹೇಳುವುದು ಹೀಗೆ: ಡಿಸ್ಟೆಂಪರ್, ಪಾರ್ವೋ, ಅಡಿನೋಗೆ ಮರಿಯ ಸರಣಿ ಮುಗಿದ ಮೇಲೆ ಆರು ತಿಂಗಳ ಸುಮಾರಿಗೆ ಒಂದು, ಆಮೇಲೆ ಮೂರು ವರ್ಷಕ್ಕೊಮ್ಮೆ ಸಾಕು. ನಮ್ಮಲ್ಲಿ ಹೆಚ್ಚಿನವರು ವರ್ಷಕ್ಕೊಮ್ಮೆ ಎಲ್ಲ ಸೇರಿದ್ದನ್ನೇ ಹಾಕುತ್ತಾರೆ. ಲೆಪ್ಟೋ ಒಂದೇ ಹಾಕಲು ಆಗುತ್ತಾ ಅಂತ ಕೇಳಿ ನೋಡಿ, ಸಿಗದಿದ್ದರೆ ಸೇರಿದ್ದನ್ನೇ ಹಾಕಿಸಿ. ಲೆಪ್ಟೋ ಬಿಡುವುದಕ್ಕಿಂತ ಅದು ಮೇಲು.

ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅಂಗಡಿಯಿಂದ ಜೇಬಲ್ಲಿಟ್ಟು ತಂದು ಮನೆಯಲ್ಲಿ ಯಾರ ಕೈಲಾದರೂ ಚುಚ್ಚಿಸುವುದು ಸೂಜಿ ನೋವು ಕೊಟ್ಟ ಹಾಗೆ ಅಷ್ಟೇ. ಡಾಕ್ಟರ್ ಫ್ರಿಜ್‌ನಿಂದ ತೆಗೆದು ನಿಮ್ಮ ಕಣ್ಣೆದುರೇ ಪುಡಿ ಕರಗಿಸಲಿ. ಬಾಟಲಿಯ ಸ್ಟಿಕ್ಕರನ್ನು ಮರಿಯ ಲಸಿಕೆ ಪುಸ್ತಕಕ್ಕೆ ಅಂಟಿಸಿ, ತಾರೀಖು ಬರೆದು ಸಹಿ ಮಾಡಲಿ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಮುಖ ಊದಿದರೆ, ವಾಂತಿ ಆದರೆ ತಕ್ಷಣ ತೋರಿಸಿ. ಒಂದು ದಿನ ಮಂಕಾಗಿ ಮಲಗಿದರೆ ಗಾಬರಿ ಬೇಡ. ಭೇದಿ ಜ್ವರ ಇರುವಾಗ ಹಾಕಿಸಬೇಡಿ, ಜಂತುಹುಳದ ಔಷಧಿ ಮೊದಲೇ ಕೊಟ್ಟಿರಿ.

ಕೊನೆಯ ಸೂಜಿ ಆಗಿ ಒಂದು ವಾರದವರೆಗೆ ಮರಿಯನ್ನು ಬೀದಿ ನೆಲಕ್ಕೆ ಬಿಡಬೇಡಿ. ಎತ್ತಿಕೊಂಡು ತಿರುಗಾಡಿಸಿ, ಗಾಡಿ ಸದ್ದು, ಜನ ಎಲ್ಲ ಅಭ್ಯಾಸವಾಗಲಿ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ಬೆಳ್ಳಿ ಹೋದ ಮೇಲೆ ನಾವು ನೆಲವನ್ನೆಲ್ಲ ಬ್ಲೀಚ್ ಹಾಕಿ ತೊಳೆದೆವು, ಒಂದು ವರ್ಷ ಬೇರೆ ಮರಿ ತರಲಿಲ್ಲ. ಈಗಿರುವ ಕರಿಯನಿಗೆ 17ನೇ ವಾರಕ್ಕೆ ಕೊನೆಯದು ಹಾಕಿಸಿದೆ. ಈಗ ಅವನಿಗೆ ಆರು ವರ್ಷ.

ನಿಮ್ಮ 45 ದಿನದ ಲೆಕ್ಕ ಮಾರಿದವರ ಬಾಯಿಮಾತಾ? ಹಾಗಾದರೆ ಡಾಕ್ಟರ್ ಹತ್ತಿರ ಹಲ್ಲು ನೋಡಿಸಿ ವಯಸ್ಸು ಕೇಳಿ. ಬೇಗ ಮಾರಲು ಒಂದೆರಡು ವಾರ ಸೇರಿಸಿ ಹೇಳುವವರಿದ್ದಾರೆ. ಹಾಗಾಗಿದ್ದರೆ 16 ವಾರ ಅಂದುಕೊಂಡದ್ದು ನಿಜಕ್ಕೂ 14 ಆಗಿರುತ್ತದೆ.