ನ್ಯೂಮು ಹೇಳುವುದೆಷ್ಟು, ಗಾಯಕ ತುಂಬುವುದೆಷ್ಟು?

2016ರಲ್ಲಿ ಕೇಂಬ್ರಿಜ್‌ನಲ್ಲಿ ರೋಮನ್ ತತ್ತ್ವಜ್ಞಾನಿ ಬೊಯೀಥಿಯಸ್‌ನ ಲ್ಯಾಟಿನ್ ಪದ್ಯಗಳನ್ನು ಸಾವಿರ ವರ್ಷ ಹಿಂದಿನ ಮಟ್ಟಿನಲ್ಲಿ ಹಾಡಿದರೆಂದು ಓದಿ, ಸ್ವರಸ್ಥಾನವನ್ನೇ ಬರೆದಿಡದ ಕಾಲದ ಮಟ್ಟು ಈಗ ತಿಳಿದದ್ದು ಹೇಗೆ, ಇದೆಲ್ಲ ಕಲ್ಪನೆಯಲ್ಲವೇ ಎಂದು ಕೇಳಿದ್ದೀರಿ. ಕೆಲವು ವರ್ಷ ಗ್ರೆಗೋರಿಯನ್ ಗಾನವನ್ನು (ಚರ್ಚಿನ ಹಳೆಯ ಲ್ಯಾಟಿನ್ ಪ್ರಾರ್ಥನಾಗಾನ) ಅಭ್ಯಾಸ ಮಾಡಿದವನಾಗಿ ನನ್ನ ಉತ್ತರವಿಷ್ಟು: ಕಲ್ಪನೆಗೆ ಇಲ್ಲಿ ಪಾಲಿದೆ, ಆದರೆ ಅದು ಎಲ್ಲಿಂದ ಆರಂಭವಾಗುತ್ತದೆಂದು ಬಹುಮಟ್ಟಿಗೆ ಬೆರಳಿಟ್ಟು ತೋರಿಸಬಹುದು.

ಸುಮಾರು 524ರಲ್ಲಿ ಮರಣದಂಡನೆಗೆ ಗುರಿಯಾದ ಬೊಯೀಥಿಯಸ್ ಸೆರೆಯಲ್ಲಿದ್ದಾಗ ಬರೆದ ‘ತತ್ತ್ವಶಾಸ್ತ್ರದ ಸಾಂತ್ವನ’ದಲ್ಲಿ ಗದ್ಯದ ನಡುವೆ 39 ಪದ್ಯಗಳಿವೆ. ಶತಮಾನಗಳ ನಂತರ ಲಿಪಿಕಾರರು ಅವುಗಳಲ್ಲಿ ಹಲವದರ ಅಕ್ಷರಗಳ ಮೇಲೆ ನ್ಯೂಮು ಎಂಬ ಪುಟ್ಟ ಗುರುತುಗಳನ್ನು ಹಾಕಿದರು. ಧ್ವನಿ ಕೆಳಗಿನಿಂದ ಮೇಲಕ್ಕೆ ಹೋದರೆ ಒಂದು ಗುರುತು, ಮೇಲಿನಿಂದ ಇಳಿದರೆ ಇನ್ನೊಂದು. ಎಷ್ಟು ಏರಬೇಕು, ಯಾವ ಸ್ವರದಿಂದ ಹೊರಡಬೇಕು ಎಂಬುದನ್ನು ಮಾತ್ರ ಅವು ಹೇಳುವುದಿಲ್ಲ. ಮಟ್ಟು ಮೊದಲೇ ಬಾಯಿಪಾಠವಿದ್ದವನಿಗೆ ನೆನಪು ಮಾಡಿಕೊಡಲು ಬರೆದದ್ದಿದು. (ನಮ್ಮ ಸಂಗೀತದ ಪಾಠದ ಪುಸ್ತಕದಲ್ಲಿ ಗಮಕವನ್ನು ಬರೆಯದೆ ಗುರುವಿನ ಕಂಠಕ್ಕೆ ಬಿಡುವುದನ್ನು ನೆನೆದರೆ ಇದು ವಿಚಿತ್ರವೆನಿಸದು.)

ಈ ತೊಡಕನ್ನು ಬಿಡಿಸಲು ಪವಿತ್ರ ಗಾನ ನೆರವಾಗುತ್ತದೆ. ಚರ್ಚಿನ ಎಷ್ಟೋ ಗೀತೆಗಳು ಮೊದಲು ಇಂಥದೇ ಗುರುತುಗಳಲ್ಲಿಯೂ, 11ನೇ ಶತಮಾನದಲ್ಲಿ ಇಟಲಿಯ ಸಂಗೀತ ಶಿಕ್ಷಕ ಅರೆಜ್ಜೊದ ಗೈಡೋ ರೂಢಿಗೆ ತಂದ, ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿಯಿಂದ ಮುಂದಕ್ಕೆ ಖಚಿತ ಸ್ವರಗಳಲ್ಲಿಯೂ ಉಳಿದಿರುವುದರಿಂದ, ಎರಡನ್ನೂ ಎದುರುಬದುರಿಟ್ಟು ಓದಿ ಆ ಕಾಲದ ಗಾಯಕರ ಸಂಚಾರಗಳನ್ನೂ ಮುಕ್ತಾಯಗಳನ್ನೂ ಕಲಿಯಬಹುದು. ಕೇಂಬ್ರಿಜ್‌ನ ಸಂಗೀತ ವಿದ್ವಾಂಸ ಸ್ಯಾಮ್ ಬ್ಯಾರೆಟ್ ಮತ್ತು ಮಧ್ಯಯುಗದ ಸಂಗೀತ ಹಾಡುವ ‘ಸೀಕ್ವೆಂಶಿಯಾ’ ತಂಡದ ಬೆಂಜಮಿನ್ ಬ್ಯಾಗ್ಬಿ ಬೊಯೀಥಿಯಸ್‌ನ ಪದ್ಯಗಳ ಮಟ್ಟನ್ನು ಮರಳಿ ಕಟ್ಟುವಾಗ ಬರಹದಲ್ಲಿ ಮಾಡಿದ ಊಹೆಯನ್ನು ಹಾಡಿ ಪರೀಕ್ಷಿಸಿದರು. 1840ರ ದಶಕದಲ್ಲಿ ಕೇಂಬ್ರಿಜ್ ಹಸ್ತಪ್ರತಿಯಿಂದ ಕಾಣೆಯಾಗಿ, 1982ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಗುರುತಿಸಲ್ಪಟ್ಟ, ಈ ಪದ್ಯಗಳ ನ್ಯೂಮುಗಳಿರುವ ಒಂದು ಹಾಳೆಯೂ ಈ ಕೆಲಸಕ್ಕೆ ಮುಖ್ಯ ಆಧಾರವಾಯಿತು.

ನನಗೆ ಅತ್ಯಂತ ಗಟ್ಟಿಯೆನಿಸುವ ಸಾಕ್ಷ್ಯ ಇನ್ನೊಂದಿದೆ. ಫ್ರಾನ್ಸಿನ ಮಾಂಪೆಲಿಯೆಯ ಒಂದು ಹಸ್ತಪ್ರತಿಯಲ್ಲಿ ಪ್ರಾಚೀನ ರೋಮಿನ ಹೊರೇಸ್ ಕವಿಯ ಪ್ರಗಾಥವೊಂದರ ಮೇಲಿರುವ ನ್ಯೂಮುಗಳು, ಸ್ನಾನಿಕ ಯೊವಾನ್ನನ ಸ್ತುತಿಗೀತೆಯ ಮಟ್ಟಿಗೆ ಹೊಂದುತ್ತವೆ. ‘ಉತ್, ರೆ, ಮಿ, ಫಾ, ಸೋಲ್, ಲಾ’ ಎಂದು ಗೈಡೋ ಸ್ವರಪಾಠ ಕಲಿಸಿದ್ದು ಇದೇ ಗೀತೆಯಿಂದ. ಎರಡರ ಛಂದಸ್ಸೂ ಸ್ಯಾಫಿಕ್ ಎಂಬ ನಾಲ್ಕು ಸಾಲಿನ ಪದ್ಯಬಂಧ. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ ಕಲಿತ ಧಾಟಿಯಲ್ಲಿ ಇನ್ನೊಂದನ್ನು ಹಾಡಿದಂತೆ, ಮದ್ಯದ ಪೀಪಾಯಿಯನ್ನು ನೆನೆದು ಗೆಳತಿಯನ್ನು ಔತಣಕ್ಕೆ ಕರೆಯುವ ಹೊರೇಸನ ಪದ್ಯವೂ ಸಂತನ ಸ್ತುತಿಯೂ ಒಂದೇ ಮಟ್ಟನ್ನು ಹಂಚಿಕೊಂಡಿವೆ. ಯಾವುದು ಮೊದಲು ಎಂಬ ವಾದವಿದೆ. ಏನೇ ಇರಲಿ, ಇದು ಹೊರೇಸನ ಕಾಲದ ರೋಮಿನ ಸಂಗೀತವೆಂದು ಮಾತ್ರ ನಾನು ಹೇಳಲಾರೆ.

ಲಯದ ವಿಷಯದಲ್ಲಿ ಆಧಾರ ತೆಳುವಾಗುತ್ತದೆ. ಲ್ಯಾಟಿನ್ ಛಂದಸ್ಸಿನ ಗುರು ಲಘುಗಳನ್ನು ಶಾಲೆಯಲ್ಲಿ ಕಲಿಸುತ್ತಿದ್ದರೂ ಆಡುಮಾತಿನಲ್ಲಿ ಆ ಭೇದ ಅಳಿದಿತ್ತಾದ್ದರಿಂದ, ಅಕ್ಷರವನ್ನು ಎಳೆಯಬೇಕೋ ಒತ್ತಿ ಹೇಳಬೇಕೋ ಎಂಬುದನ್ನು ಇಂದಿನ ಗಾಯಕರೇ ನಿರ್ಧರಿಸುತ್ತಾರೆ. ಧ್ವನಿಮುದ್ರಣಗಳಲ್ಲಿ ಕೇಳಿಬರುವ ಹಾರ್ಪ್, ಕೊಳಲುಗಳ ನುಡಿಸಾಣಿಕೆಯಂತೂ ಹಸ್ತಪ್ರತಿಯ ನ್ಯೂಮುಗಳಲ್ಲಿಲ್ಲ.