ಯೂರೋವನ್ನು ನೂರರಿಂದ ಗುಣಿಸುವ ಮೊದಲು

ವಿದೇಶದ ಕೆಲಸದ ಬಗ್ಗೆ ಬರುವ ಪತ್ರಗಳಲ್ಲಿ ಸಂಬಳದ ಅಂಕಿ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ. ಮುಂದೆ ಕೇಳುವವರು ದಯವಿಟ್ಟು ಇದನ್ನೇ ಓದಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಸಿಟಿಸಿ 30 ಲಕ್ಷ. ಮ್ಯೂನಿಕ್‌ನ ಕಂಪನಿಯೊಂದು ವರ್ಷಕ್ಕೆ 70,000 ಯೂರೋ ಕೊಡುತ್ತೇನೆ ಎಂದಿದೆ. ಅಂದರೆ 70 ಲಕ್ಷ! ಹೆಂಡತಿ ಕೆಲಸಕ್ಕೆ ಹೋಗುತ್ತಿಲ್ಲ, ನಾಲ್ಕು ವರ್ಷದ ಮಗಳಿದ್ದಾಳೆ. ನಮ್ಮ ಜೀವನಮಟ್ಟ ಎರಡು ಪಟ್ಟಾಗುತ್ತದಲ್ಲವೇ?

ಆಗುವುದಿಲ್ಲ. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ತುರುಕಿರುತ್ತಾರೆ. ಜರ್ಮನಿಯ ‘ಬ್ರುಟ್ಟೊ’ ಸಂಬಳದಲ್ಲಿ, ಅಂದರೆ ಕಡಿತಕ್ಕೆ ಮೊದಲಿನ ಸಂಬಳದಲ್ಲಿ, ಕಂಪನಿಯ ಪಾಲು ಇರುವುದಿಲ್ಲ, ಆದರೆ ನಿಮ್ಮ ಪಾಲು ಅದರಿಂದಲೇ ಹೋಗುತ್ತದೆ. ಪಿಂಚಣಿಗೆ 9.3%, ನಿರುದ್ಯೋಗ ವಿಮೆಗೆ 1.3%, ಆರೋಗ್ಯ ವಿಮೆಗೆ ಎಂಟೂವರೆಯ ಆಸುಪಾಸು, ವೃದ್ಧಾಪ್ಯದ ಆರೈಕೆ ವಿಮೆ ಬೇರೆ, ಆಮೇಲೆ ಆದಾಯ ತೆರಿಗೆ. ಹೆಂಡತಿ ಜೊತೆಗಿದ್ದು ತೆರಿಗೆ ವರ್ಗ ಮೂರು (ವಿವಾಹಿತರಿಗೆ ಕಡಿಮೆ ತೆರಿಗೆ ಹಿಡಿಯುವ ವರ್ಗ) ಸಿಕ್ಕಿದರೆ ತಿಂಗಳಿಗೆ ಸುಮಾರು 4,000 ಯೂರೋ ಕೈಗೆ ಬರುತ್ತದೆ. ಅವರು ಬೆಂಗಳೂರಿನಲ್ಲೇ ಉಳಿದರೆ ನೀವು ವರ್ಗ ಒಂದು, ಕೈಗೆ ಸುಮಾರು 3,500. ಮೊದಲ ಕೆಲವು ತಿಂಗಳು ಬಹುತೇಕರ ಗತಿ ಇದೇ. ಮಗುವಿಗೆ ಸರ್ಕಾರ ಕೊಡುವ ‘ಕಿಂಡರ್‌ಗೆಲ್ಡ್’ 2025ರಲ್ಲಿ ತಿಂಗಳಿಗೆ 255 ಯೂರೋ ಇತ್ತು, ಅದನ್ನು ಸೇರಿಸಿಕೊಳ್ಳಿ. 4,250 ಎನ್ನೋಣ.

ಇನ್ನು ಗುಣಾಕಾರ. ಬಾಡಿಗೆ, ಹಾಲು, ಬಸ್ಸು ಎಲ್ಲಕ್ಕೂ ಯೂರೋದಲ್ಲೇ ಕೊಡುವಾಗ ಸಂಬಳವನ್ನು ಮಾತ್ರ ರೂಪಾಯಿಗೆ ತಿರುಗಿಸಿ ಏನು ಪ್ರಯೋಜನ? ವಿಶ್ವಬ್ಯಾಂಕಿನ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಒಂದು ಯೂರೋ ಸುಮಾರು 28 ರೂಪಾಯಿಗೆ ಸಮ, ಅಂದರೆ ಅಲ್ಲಿ ಒಂದು ಯೂರೋಗೆ ಸಿಗುವಷ್ಟು ಇಲ್ಲಿ 28 ರೂಪಾಯಿಗೆ ಸಿಗುತ್ತದೆ. ಅದನ್ನೂ ಕಣ್ಣುಮುಚ್ಚಿ ಹಾಕಬೇಡಿ, ಅದು ಇಡೀ ದೇಶದ ಸರಾಸರಿ ಖರ್ಚಿನದು. ಖಾಸಗಿ ಶಾಲೆ, ಕಾರು, ಗೇಟೆಡ್ ಅಪಾರ್ಟ್‌ಮೆಂಟಿನವರ ಖರ್ಚು ಅದರಲ್ಲಿ ಕಾಣುವುದಿಲ್ಲ. ಖರ್ಚನ್ನು ಆಯಾ ಊರಿನ ದರದಲ್ಲೇ ಬರೆಯಿರಿ. ಉಳಿದದ್ದನ್ನು ಮಾತ್ರ ವಿನಿಮಯ ದರದಿಂದ ಗುಣಿಸಿ.

ಮ್ಯೂನಿಕ್‌ನಲ್ಲಿ ಅವರು ಮೂರು ಕೋಣೆ ಎನ್ನುವುದು ನಮ್ಮ 2 ಬಿಎಚ್‌ಕೆ, ಹಾಲ್ ಕೂಡ ಎಣಿಕೆಗೆ ಬರುತ್ತದೆ. ಜಾಹೀರಾತಿನಲ್ಲಿ ಕಾಣುವುದು ‘ಕಾಲ್ಟ್‌ಮೀಟೆ’, ಬರೀ ಬಾಡಿಗೆ. ಹೀಟಿಂಗ್, ನೀರು, ಕಸ ಸೇರಿದ ‘ವಾರ್ಮ್‌ಮೀಟೆ’ ಸುಮಾರು 1,900ಕ್ಕೆ ಹೋಗುತ್ತದೆ. ಕರೆಂಟು, ಇಂಟರ್‌ನೆಟ್‌ಗೆ 120. ಟಿವಿ ಇರಲಿ ಬಿಡಲಿ, ಪ್ರಸಾರ ಶುಲ್ಕ 18.36, ದಿನಸಿಗೆ 650, ಇಬ್ಬರ ಡಾಯ್ಚ್‌ಲಾಂಡ್ ಟಿಕೆಟ್ (ಬಸ್ಸು, ಲೋಕಲ್ ರೈಲಿನ ತಿಂಗಳ ಪಾಸು) 126, ಬಟ್ಟೆಬರೆ, ಹೋಟೆಲಿಗೆ 300, ವರ್ಷಕ್ಕೊಮ್ಮೆ ಮೂವರೂ ಊರಿಗೆ ಬರುವ ವಿಮಾನಕ್ಕೆ ತಿಂಗಳಿಗೆ 200 ಎತ್ತಿಡಿ. ಉಳಿಯುವುದು ಸುಮಾರು 930. ಯೂರೋಗೆ ನೂರು ರೂಪಾಯಿ ಹಿಡಿದರೆ 93,000.

ಬೆಂಗಳೂರಿನಲ್ಲಿ ಮೂಲ ವೇತನ ಸಿಟಿಸಿಯ ಅರ್ಧ ಎಂದಿಟ್ಟುಕೊಂಡರೆ, ಹೊಸ ತೆರಿಗೆ ಪದ್ಧತಿಯಲ್ಲಿ ತಿಂಗಳಿಗೆ ಕೈಗೆ 1.8 ಲಕ್ಷ. ಖರ್ಚು 1.15 ಲಕ್ಷವಾದರೆ ಉಳಿಕೆ 65,000, ಜೊತೆಗೆ ಎರಡೂ ಪಾಲಿನ ಪಿಎಫ್ 30,000. ಒಟ್ಟು 95,000. ಎಲ್ಲಿ ಹೋಯಿತು ಎರಡು ಪಟ್ಟು? (ಅಲ್ಲಿಯ ಪಿಂಚಣಿಗೂ ಹಣ ಸೇರುತ್ತಿರುತ್ತದೆ. ಆದರೆ ಮನೆ ಕಟ್ಟಲು, ಮದುವೆಗೆ ಅಂತ ಪಿಎಫ್‌ನಂತೆ ಅದನ್ನು ತೆಗೆಯಲಾಗದು.)

ಹಾಗಾದರೆ ಹಣ ಬಿಡಿ, ಕೆಟ್ಟ ತಿಂಗಳನ್ನು ಹೋಲಿಸಿ. ಕಾಯಿಲೆ ಬಿದ್ದರೆ ಜರ್ಮನಿಯಲ್ಲಿ ಆರು ವಾರ ಪೂರ್ತಿ ಸಂಬಳ, ಆಮೇಲೆ ವಿಮಾ ಸಂಸ್ಥೆಯಿಂದ ಭತ್ಯೆ. ಕೆಲಸ ಹೋದರೆ, 12 ತಿಂಗಳು ವಂತಿಗೆ ಕಟ್ಟಿದ್ದವರಿಗೆ ಆರು ತಿಂಗಳು, 24 ಕಟ್ಟಿದ್ದವರಿಗೆ ಒಂದು ವರ್ಷ, ಮಕ್ಕಳಿದ್ದರೆ ನಿವ್ವಳ ಸಂಬಳದ 67% ನಿರುದ್ಯೋಗ ಭತ್ಯೆ. ಹೆಂಡತಿ ಮಗಳು ನಿಮ್ಮ ಸರ್ಕಾರಿ ಆರೋಗ್ಯ ವಿಮೆಯಲ್ಲೇ ಪುಕ್ಕಟೆ ಸೇರುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಹೋದ ದಿನವೇ ಕಂಪನಿಯ ಆರೋಗ್ಯ ವಿಮೆಯೂ ಹೋಗುತ್ತದೆ.

ಅಪ್ಪ ಅಮ್ಮನ ವಿಷಯದಲ್ಲಿ ತಕ್ಕಡಿ ಬೆಂಗಳೂರಿನ ಕಡೆಗೇ ವಾಲುತ್ತದೆ. 2024ರ ಮಾರ್ಚ್ 1ರಂದು ಅಥವಾ ಆಮೇಲೆ ಮೊದಲ ಬಾರಿಗೆ ಕುಶಲ ಉದ್ಯೋಗಿಯ ಪರವಾನಗಿ ಪಡೆದವರು ಹೆತ್ತವರನ್ನು ಕರೆಸಿಕೊಳ್ಳಬಹುದು ಎಂದು ಕಾನೂನೇನೋ ಬಂದಿದೆ. ಆದರೆ ಅವರಿಗೆ ಪೂರ್ಣ ಆರೋಗ್ಯ ವಿಮೆ ತೋರಿಸಬೇಕು. ನಿಮ್ಮ ವಿಮೆಯಲ್ಲಿ ಅವರಿಗೆ ಜಾಗವಿಲ್ಲ, ಎಪ್ಪತ್ತರ ಬಿಪಿ ಶುಗರ್ ರೋಗಿಗೆ ಹೊಸದಾಗಿ ವಿಮೆ ಕೊಡುವವರನ್ನು ಹುಡುಕುವುದೇ ಕಷ್ಟ. ಊರಿನಲ್ಲಿ ಅವರನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲವೆಂದರೆ ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿಯಿತು.

ಹೊರಡುವುದಾದರೆ 8,000 ಯೂರೋ ಕೈಯಲ್ಲಿರಲಿ. ಮುಂಗಡವೇ ಮೂರು ತಿಂಗಳ ಕಾಲ್ಟ್‌ಮೀಟೆಯವರೆಗೆ ಕೇಳಬಹುದು. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂದರೆ ನಲ್ಲಿಯ ಪೈಪು ಮತ್ತು ಖಾಲಿ ಗೋಡೆ; ಸಿಂಕು, ಒಲೆ, ಕಪಾಟು ನೀವೇ ತರಬೇಕು.

ಖಾಸಗಿ ಆರೋಗ್ಯ ವಿಮೆ ಅಗ್ಗ ಎನ್ನುತ್ತಾನೆ ಏಜೆಂಟ್?
70,000 ಸಂಬಳಕ್ಕೆ ಅದು ಸಾಧ್ಯವೇ ಇಲ್ಲ, ಅದಕ್ಕೆ ದಾಟಬೇಕಾದ ವಾರ್ಷಿಕ ಸಂಬಳದ ಮಿತಿ 2026ರಲ್ಲಿ 77,400. ಮಿತಿ ದಾಟಿದರೂ ಅಲ್ಲಿ ಹೆಂಡತಿಗೆ, ಮಗುವಿಗೆ ಬೇರೆ ಬೇರೆ ಕಂತು. ಅಂಥ ಏಜೆಂಟನಿಂದ ದೂರವಿರಿ.

ಚಾನ್ಸನ್‌ಕಾರ್ಟೆ ಸಿಕ್ಕರೆ ಕೆಲಸ ಗ್ಯಾರಂಟಿಯಂತೆ?
ಅದು ಕೆಲಸ ಹುಡುಕಲು ಕೊಡುವ ಪರವಾನಗಿ. ವಾರಕ್ಕೆ 20 ಗಂಟೆ ದುಡಿಯಬಹುದು, ಅಷ್ಟೇ. ಗ್ಯಾರಂಟಿ ಎಂದವನಿಗೆ ದುಡ್ಡು ಕೊಡಬೇಡಿ.

ಸಂತೋಷದ ಸೂಚ್ಯಂಕದಲ್ಲಿ ಮುಂದಿರುವ ದೇಶಕ್ಕೇ ಹೋಗಬೇಕಲ್ಲವೇ?
ನಿಮ್ಮ ಬದುಕಿಗೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂಕ ಎಂದು ಅಲ್ಲಿರುವವರನ್ನು ಕೇಳಿ ತೆಗೆದ ಸರಾಸರಿ ಅದು. ನಿಮ್ಮನ್ನು ಕೇಳಿಲ್ಲ.

ಒಟ್ಟಾರೆ ಯಾವ ದೇಶ ಬೆಸ್ಟ್ ಸರ್?
ಸಂಬಳ, ಸಂಸಾರ, ಊರು ಬರೆಯದ ಪತ್ರಕ್ಕೆ ಉತ್ತರವಿಲ್ಲ.